ಜನರಿಲ್ಲದ ಹೊನ್ನಗವಿ

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ, ಹೊನ್ನಗವಿ ಎಂಬ ರಾಜಧಾನಿಯಿತ್ತು. ಅಲ್ಲಿ ಬೈಲಮ್ಮ ಎಂಬ ಗಾರೆ ಕೆಲಸದವಳಿದ್ದಳು. ಅವಳು ಕಟ್ಟಿದ ಗೋಡೆಯಲ್ಲಿ ಇರುವೆ ನುಸುಳುವಷ್ಟೂ ಸಂದು ಇರುತ್ತಿರಲಿಲ್ಲ. ದೂರದ ದೊರೆಯೊಬ್ಬ ಕೋಟೆ ಕಟ್ಟಲು ಕರೆಸಿದಾಗ, ಆರು ವರ್ಷದ ಮಗಳು ಕೆಂಪಿಯನ್ನು ಗಂಡನ ಕೈಗೊಪ್ಪಿಸಿ ಹೊರಟಳು. ಒಂದು ವರ್ಷದ ಕೆಲಸವೆಂದು ಹೋದವಳಿಗೆ ಅಲ್ಲಿ ಯುದ್ಧ ಹತ್ತಿ ದಾರಿ ಮುಚ್ಚಿತು. ತಿರುಗಿ ಬರುವಷ್ಟರಲ್ಲಿ ಹನ್ನೆರಡು ವರ್ಷವಾಗಿತ್ತು.

ಬಂದು ನೋಡಿದರೆ ಊರಿದೆ, ಜನರಿಲ್ಲ.

ಹೆಬ್ಬಾಗಿಲನ್ನು ಗೆದ್ದಲು ತಿಂದಿತ್ತು. ರಾಜಬೀದಿಯಲ್ಲಿ ಎದೆಮಟ್ಟದ ಹುಲ್ಲು. ನೇಕಾರರ ಕೇರಿಯ ಮಾಡುಗಳು ಕುಸಿದು, ಮಗ್ಗದ ಗುಂಡಿಗಳಲ್ಲಿ ಕುಂಬಳದ ಬಳ್ಳಿ ಹಬ್ಬಿತ್ತು. ಕುದುರೆ ಲಾಯದಲ್ಲಿ ಜಿಂಕೆಯೊಂದು ಮರಿಗೆ ಹಾಲೂಡುತ್ತಿತ್ತು.

"ಕೆಂಪೀ!" ಎಂದು ಬೈಲಮ್ಮ ಕೂಗಿದಳು.

ಹುಲ್ಲಿನಿಂದ ನೂರು ನಾಯಿಗಳು ಎದ್ದು ಬಂದವು. ಎಲ್ಲಕ್ಕೂ ಮುಂದಿದ್ದ ಬೂದುನಾಯಿ ಮಾತಾಡಿತು.

"ಯಾರನ್ನು ಕೂಗುತ್ತೀಯಮ್ಮ? ಇಲ್ಲಿ ಮನುಷ್ಯರಿಲ್ಲ. ಮಾಂತ್ರಿಕ ಮಾರಕೇತುವಿಗೆ ಊರಿನ ಗದ್ದಲ ಸೇರುತ್ತಿರಲಿಲ್ಲ. ಅವನ ಮಂತ್ರ ಫಲಿಸಬೇಕಾದರೆ ಸದ್ದಿರಬಾರದು. ಮುದಿರಾಜ ತೀರಿಕೊಂಡ ದಿನ ಊರೆಲ್ಲ ತಲೆಬಾಗಿ ಸುಮ್ಮನೆ ನಿಂತಿತ್ತು. ಆ ಗಳಿಗೆಯಲ್ಲೇ ಎಲ್ಲರನ್ನೂ ತಾಮ್ರದ ಹಂಡೆಯೊಳಗೆ ಸೆಳೆದುಕೊಂಡ. ಹಂಡೆ ಅರಮನೆಯ ಗೋಪುರದಲ್ಲಿದೆ."

"ನನ್ನನ್ನು ಅಲ್ಲಿಗೆ ಬಿಡಪ್ಪ."

"ಬಿಟ್ಟರೆ ಊರಿನ ಜನ ಹೊರಗೆ ಬರುತ್ತಾರೆ. ಬಂದರೆ ಮತ್ತೆ ನಮ್ಮ ಕೊರಳಿಗೆ ಸರಪಳಿ."

ಬೈಲಮ್ಮ ಯೋಚಿಸಿದಳು. "ಸರಪಳಿಯ ಗೂಟ ನೆಡುವವಳು ನಾನೇ. ಇನ್ನು ನೆಡುವುದಿಲ್ಲ."

ನಾಯಿಗಳು ದಾರಿ ಬಿಟ್ಟು ಅವಳ ಹಿಂದೆಯೇ ನಡೆದವು.

ಅರಮನೆಯ ಬಾಗಿಲಲ್ಲಿ ಆಲದ ಮರವೊಂದು ಗೋಡೆಯನ್ನು ಸೀಳಿಕೊಂಡು ನಿಂತಿತ್ತು. ಅದರ ಬೇರುಗಳು ಹೊಸ್ತಿಲಿಗೆ ಹೆಣೆದುಕೊಂಡಿದ್ದವು. ಆ ಗೋಡೆ ಬೈಲಮ್ಮನೇ ಕಟ್ಟಿದ್ದು.

"ಹಕ್ಕಿ ತಂದ ಒಂದು ಬೀಜ ನಾನು," ಎಂದಿತು ಆಲ. "ಪ್ರತಿ ಮಳೆಗಾಲದಲ್ಲೂ ನನ್ನನ್ನು ಕಿತ್ತೆಸೆಯುತ್ತಿದ್ದರು. ಕೀಳುವವರು ಹೋದ ಮೇಲೆ ಬೆಳೆದೆ. ಒಳಗೆ ಬಿಟ್ಟರೆ ನನ್ನನ್ನು ಕಡಿಸುತ್ತೀಯಲ್ಲವೇ, ಮಗಳೇ?"

ತಾನು ಕಟ್ಟಿದ್ದು ಒಡೆದದ್ದನ್ನು ನೋಡಿ ಬೈಲಮ್ಮ ಸೀಳಿನ ಮೇಲೆ ಕೈಯಾಡಿಸಿದಳು. ಮೇಲೆ ನೋಡಿದಳು. ಕೊಂಬೆ ಕೊಂಬೆಗೂ ಗೂಡು.

"ಇಲ್ಲ. ಗೋಡೆಯನ್ನು ನಿನ್ನ ಸುತ್ತ ಬಳಸಿ ಕಟ್ಟುತ್ತೇನೆ."

ಬೇರುಗಳು ಸರಿದವು.

ಒಳಗಿನ ಅಂಗಳದಲ್ಲಿ ಹೊಳೆ ಹರಿಯುತ್ತಿತ್ತು. ತೂಬು ಎತ್ತುವವರಿಲ್ಲದೆ ಕೆರೆಯ ಏರಿ ಒಡೆದು, ನೀರು ತನ್ನ ಹಳೆಯ ದಾರಿಯನ್ನೇ ಹಿಡಿದಿತ್ತು.

"ದಾಟಲು ಬಿಡು, ಗಂಗವ್ವ."

"ನನ್ನ ಹಾದಿಯಲ್ಲಿ ಅರಮನೆ ಕಟ್ಟಿದಿರಿ. ನಾನು ಎಲ್ಲಿ ಹೋಗಲಿ?"

"ಹಾದಿ ನಿನ್ನದೇ. ಮನೆಗಳನ್ನೇ ಹಿಂದಕ್ಕೆ ಸರಿಸಿ ಕಟ್ಟುತ್ತೇನೆ."

ನೀರು ಇಬ್ಭಾಗವಾಗಿ ನೆಲ ತೋರಿತು.

ಗೋಪುರದ ತುದಿಯಲ್ಲಿ ಮಾರಕೇತು ಕೂತಿದ್ದ. ಕಣ್ಣು ಕೆಂಪಗೆ, ಕಿವಿಯಲ್ಲಿ ಹತ್ತಿ.

"ಹನ್ನೆರಡು ವರ್ಷದಿಂದ ನಿದ್ದೆಯಿಲ್ಲ," ಎಂದು ಗೊಣಗಿದ. "ಜನ ಹೋದರೆ ಸದ್ದಡಗುತ್ತದೆ ಅಂದುಕೊಂಡೆ. ಕಪ್ಪೆ ಬಂದವು, ಜೀರುಂಡೆ ಬಂದವು, ಮಂಗಗಳು ಬಂದವು. ಈಗ ನೀನು!"

ಅವನು ಕೈಯೆತ್ತಿ ಮಂತ್ರ ಶುರುಮಾಡಿದ. ಬೈಲಮ್ಮನ ಬೆರಳ ತುದಿಗಳು ಹೊಗೆಯಂತೆ ಕರಗತೊಡಗಿದವು. ಅಷ್ಟರಲ್ಲಿ ಕೆಳಗೆ ಬೂದುನಾಯಿ ಬೊಗಳಿತು. ನೂರೂ ನಾಯಿಗಳು ದನಿಗೂಡಿಸಿದವು. ಮಂತ್ರ ಅವನ ಬಾಯಲ್ಲೇ ಮುರಿಯಿತು, ಅವಳ ಬೆರಳು ಮರಳಿದವು.

ಹಂಡೆಯ ಮುಚ್ಚಳಕ್ಕೆ ಸುಣ್ಣದ ಗಾರೆ ಮೆತ್ತಿತ್ತು. ಬೈಲಮ್ಮ ಸೊಂಟದಿಂದ ಉಳಿ ತೆಗೆದು, ಮೂರೇ ಏಟಿಗೆ ಒಡೆದಳು.

ಮೊದಲು ಬಂದದ್ದು ಸದ್ದು. ಕುಟ್ಟುವ ಸದ್ದು, ಬೀಸುವ ಸದ್ದು, ಜಗಳ, ನಗು, ಹನ್ನೆರಡು ವರ್ಷ ತಡೆದಿಟ್ಟ ಕೆಮ್ಮು. ಆ ಗದ್ದಲಕ್ಕೆ ಮಾರಕೇತು ಕಲಿತ ಮಂತ್ರಗಳೆಲ್ಲ ಅವನ ತಲೆಯಿಂದ ಉದುರಿಹೋದವು. ಬರೀ ಮುದುಕನಾಗಿ, ಕಿವಿ ಮುಚ್ಚಿಕೊಂಡು, ಬೆಟ್ಟದ ಕಡೆ ಓಡಿದ.

ಬೈಲಮ್ಮ ಗೋಪುರದಿಂದ ಇಳಿದು ಬಂದಾಗ ಬೀದಿ ತುಂಬ ಜನ. ಹಂಡೆಯೊಳಗೆ ಯಾರಿಗೂ ವಯಸ್ಸಾಗಿರಲಿಲ್ಲ. ಆರು ವರ್ಷದ ಕೆಂಪಿ ಹುಲ್ಲಿನಲ್ಲಿ ನಿಂತು ಬೈಲಮ್ಮನ ನರೆಗೂದಲು ನೋಡಿದಳು.

"ಅಜ್ಜೀ, ನಮ್ಮ ಅವ್ವ ಬಂದಳಾ?"

ಬೈಲಮ್ಮ ಉಳಿಯನ್ನು ಹುಲ್ಲಿನಲ್ಲಿ ಇಟ್ಟಳು. ಕೂತು, ಮಗುವಿನ ಕೆನ್ನೆಗೆ ಕೈಯಿಟ್ಟಳು. ಸುಣ್ಣ ತಿಂದು ಒರಟಾದ ಕೈ. ಕೆಂಪಿ ಕಣ್ಣು ಮುಚ್ಚಿ ಆ ಕೈಗೆ ಕೆನ್ನೆ ಒತ್ತಿ ನಿಂತಳು. ಆಮೇಲೆ, "ಯಾಕವ್ವ ಇಷ್ಟು ತಡ?" ಎಂದಳು.

ಮಾರನೆಯ ಬೆಳಿಗ್ಗೆಯೇ ಮಂತ್ರಿ ಕೊಡಲಿಯವರೊಂದಿಗೆ ಆಲದ ಬಳಿ ಬಂದ. ಬೈಲಮ್ಮ ಅಡ್ಡ ನಿಂತು, ತಾನು ಕೊಟ್ಟ ಮಾತುಗಳನ್ನು ಎಲ್ಲರೆದುರು ಹೇಳಿದಳು. ಅವಳ ಗಂಡ ಬಂದು ಪಕ್ಕದಲ್ಲಿ ನಿಂತ. ನೇಕಾರರು ಬಂದರು. ಕೊನೆಗೆ ಮುದಿರಾಜನ ಮಗಳಾದ ಎಳೆಯ ರಾಣಿಯೂ ಇಳಿದು ಬಂದು, ಕೊಡಲಿಗಳನ್ನು ಕೆಳಗಿಡಿಸಿದಳು.

ಅರಮನೆಯನ್ನು ಹೊಳೆಯಿಂದ ನೂರು ಮಾರು ಹಿಂದಕ್ಕೆ ಕಟ್ಟಿದರು. ಅದರ ಹೊರಗೋಡೆ ಆಲವನ್ನು ಬಳಸಿ ಸಾಗಿತು. ನಾಯಿಗಳು ಇಷ್ಟ ಬಂದ ಜಗಲಿಯಲ್ಲಿ ಮಲಗಿದವು. ಲಾಯದ ಜಿಂಕೆಯನ್ನು ಯಾರೂ ಎಬ್ಬಿಸಲಿಲ್ಲ. ಕುದುರೆಗಳಿಗೇ ಬೇರೆ ಲಾಯ ಕಟ್ಟಿದರು. ಹೊನ್ನಗವಿ ಮೊದಲಿಗಿಂತ ಚಿಕ್ಕದಾಯಿತು. ಅಲ್ಲಿ ಎಲ್ಲರೂ ಬಹುಕಾಲ ಸುಖವಾಗಿ ಬಾಳಿದರು.