ಕರಗಿದ ಐಸು, ಕದ್ದ ಉತ್ತರ

ಲಕೋಟೆಯನ್ನು ಶಿಕ್ಷಣಾಧಿಕಾರಿ ತೆರೆದದ್ದು ಅದರ ಬಾಯಿಯ ಕಡೆಯಿಂದ. ಕಳ್ಳ ತೆರೆದದ್ದು ತಳದ ಕಡೆಯಿಂದ.

ಖಾಲಿ ಲಕೋಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗಲೇ ಅಧಿಕಾರಿಗೆ ಅದು ಕಂಡಿದ್ದು. ತಳದ ಅಂಚನ್ನು ಯಾರೋ ನಾಜೂಕಾಗಿ ಬಿಡಿಸಿ ಮತ್ತೆ ಅಂಟಿಸಿದ್ದರು. ಅಂಟು ಒಣಗಿ ಕಾಗದ ಸುಕ್ಕುಗಟ್ಟಿತ್ತು. ಊರಿನ ಎಲ್ಲ ಶಾಲೆಗಳ ಎಂಟನೇ ತರಗತಿಯ ಮಕ್ಕಳಿಗೆ ನಡೆದ ಸಾಮಾನ್ಯ ವಿಜ್ಞಾನ ಪರೀಕ್ಷೆಯ ಉತ್ತರಸೂಚಿ ಅದರಲ್ಲಿತ್ತು. ಅಂದರೆ, ಸರಿ ಉತ್ತರಗಳಿಗೆ ಗುರುತು ಹಾಕಿದ ಪ್ರಶ್ನೆಪತ್ರಿಕೆ. ಪರೀಕ್ಷೆ ಮುಗಿದಿತ್ತು. ಬೇರೆ ಊರಿನಿಂದ ಬಂದ ಮೇಷ್ಟ್ರುಗಳು ಪತ್ರಿಕೆ ತಿದ್ದಿ ಬಸ್ಸು ಹತ್ತಿಯೂ ಆಗಿತ್ತು. ಮರುದಿನ ಬೆಳಿಗ್ಗೆ ಫಲಿತಾಂಶ.

ಪೊಲೀಸರಿಗೆ ಫೋನು ಹೋಯಿತು. ಬಂದವರು ಅತ್ತೆಮ್ಮ.

ಅದು ಅವರ ಹೆಸರಲ್ಲ. ಅವರು ಇನ್ಸ್‌ಪೆಕ್ಟರ್. ಯಾರು ಏನೇ ಹೇಳಲಿ, ಸೊಸೆಯನ್ನು ಕೇಳುವ ಅತ್ತೆಯ ಹಾಗೆ ಅವರ ಹತ್ತಿರ ಇನ್ನೊಂದು ಪ್ರಶ್ನೆ ಇದ್ದೇ ಇರುತ್ತದೆ. ಹಾಗಾಗಿ ಠಾಣೆಯಲ್ಲಿ ಅವರ ಬೆನ್ನ ಹಿಂದೆ ಆ ಹೆಸರು. ಅದು ಅವರಿಗೂ ಗೊತ್ತು. ಕೇಳಿಸದವರ ಹಾಗೆ ಇರುತ್ತಾರೆ.

"ಬೀರುವಿನ ಕೀ ಎಲ್ಲಿರುತ್ತೆ?" ಎಂದರು ಅತ್ತೆಮ್ಮ.

"ಈ ಡ್ರಾಯರಲ್ಲಿ."

"ಡ್ರಾಯರಿಗೆ ಬೀಗ?"

"ಹಾಕಲ್ಲ ಮೇಡಂ. ಎಲ್ಲ ನಮ್ಮವರೇ ತಾನೆ."

ಅತ್ತೆಮ್ಮ ನಿಟ್ಟುಸಿರು ಬಿಟ್ಟರು. ಇಂಥ ನಂಬಿಕೆಯಿಂದಲೇ ಅವರಿಗೆ ಇಪ್ಪತ್ತು ವರ್ಷದಿಂದ ಸಂಬಳ ಬರುತ್ತಿದೆ.

ಪಕ್ಕದಲ್ಲಿ ಕಚೇರಿಯ ಮ್ಯಾನೇಜರ್ ನಿಂತಿದ್ದರು. ಮೃದು ಮಾತಿನ ಮನುಷ್ಯ. ಸಾಹೇಬರ ಮೇಜಿನ ಮೇಲೆ ಒಂದು ಪೆನ್ನು ಓರೆಯಾದರೂ ಸರಿಪಡಿಸುವವರು. ಅವರು ಕೆಮ್ಮಿದರು.

"ಮೇಡಂ, ಹೇಳಬಾರದು, ಆದ್ರೂ ಹೇಳ್ತೀನಿ. ಪರೀಕ್ಷೆಗೆ ಮುಂಚೆ ಗೋದಾಮು ಶಾಲೆಯ ವಿಜ್ಞಾನದ ಟೀಚರ್ ಹಾಲ್ ಟಿಕೆಟ್‌ಗೆ ಅಂತ ಬಂದಿದ್ರು. ಈ ರೂಮಲ್ಲಿ ತುಂಬ ಹೊತ್ತು ಒಬ್ಬರೇ ಕೂತಿದ್ರು."

"ಅದಷ್ಟೇ ಅಲ್ಲ," ಎಂದರು ಅಧಿಕಾರಿ. "ಆ ಶಾಲೆ ಮಕ್ಕಳಿಗೆ ಎಂದೂ ಬರದಷ್ಟು ಅಂಕ ಬಂದಿದೆ. ಒಂದು ಪ್ರಶ್ನೆಗಂತೂ ಇಡೀ ಕ್ಲಾಸು ಒಂದೇ ತಪ್ಪು ಉತ್ತರ ಬರೆದಿದೆ ಅಂತ ತಿದ್ದಿದವರೇ ಹೇಳಿ ಹೋದ್ರು. ಒಬ್ಬರು ಹೇಳಿಕೊಡದೆ ಹಾಗಾಗುತ್ತಾ? ಅವರು ಕಾಯಂ ಟೀಚರ್ ಅಲ್ಲ. ತೆಗೆದುಹಾಕೋ ಆದೇಶ ಟೈಪ್ ಆಗಿದೆ. ಸಂಜೆ ಸಹಿ ಮಾಡ್ತೀನಿ. ಆಮೇಲೆ ಯಾವ ಶಾಲೆಯೂ ಅವರನ್ನ ಸೇರಿಸಲ್ಲ."

"ಆ ಪ್ರಶ್ನೆ ಏನು?"

ಅಧಿಕಾರಿ ಮ್ಯಾನೇಜರ್ ಮುಖ ನೋಡಿದರು.

"ಅದು... ಏನೋ ವಿಜ್ಞಾನದ್ದು ಮೇಡಂ. ನಾನು ಅಂಕ ಮಾತ್ರ ನೋಡಿದ್ದು," ಎಂದರು ಅಧಿಕಾರಿ.

"ನೀವು?" ಅತ್ತೆಮ್ಮ ಮ್ಯಾನೇಜರ್ ಕಡೆ ತಿರುಗಿದರು.

"ಅಯ್ಯೋ, ನಾನೆಲ್ಲಿ ನೋಡ್ಲಿ," ಮ್ಯಾನೇಜರ್ ಕೈಯಾಡಿಸಿದರು. "ಆ ಪತ್ರಿಕೆ ಇವತ್ತಿನವರೆಗೂ ನನ್ನ ಕಣ್ಣಿಗೆ ಬಿದ್ದಿಲ್ಲ. ವಿಜ್ಞಾನಕ್ಕೂ ನನಗೂ ಮೊದಲಿಂದಲೂ ಆಗಿಬರಲ್ಲ."

ಅತ್ತೆಮ್ಮ ಉತ್ತರಸೂಚಿಯನ್ನೂ ಗೋದಾಮು ಶಾಲೆಯ ಪತ್ರಿಕೆಗಳನ್ನೂ ಕೇಳಿ ತೆಗೆದುಕೊಂಡರು. ಜೀಪಿನಲ್ಲಿ ಕೂತು ಆ ಪ್ರಶ್ನೆ ಓದಿದರು. ಅವರ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಉತ್ತರಸೂಚಿಯನ್ನೇ ಕದ್ದವರು, ಅದರಲ್ಲಿರುವುದನ್ನು ಬಿಟ್ಟು ಬೇರೆ ಉತ್ತರವನ್ನು ಯಾಕೆ ಹೇಳಿಕೊಡುತ್ತಾರೆ?

* * *

ಗೋದಾಮು ಶಾಲೆ ಒಂದು ಕಾಲಕ್ಕೆ ನಿಜವಾಗಿಯೂ ಗೋದಾಮು. ಎತ್ತರದ ತಗಡಿನ ಮಾಡು, ಮೇಲೆಲ್ಲೋ ಎರಡು ಕಿಟಕಿ. ಮಕ್ಕಳು ಪಿಸುಗುಟ್ಟಿದರೂ ಗೋಡೆ ತಿರುಗಿ ಹೇಳುತ್ತದೆ.

ಟೀಚರಿಗೆ ಮೂವತ್ತೂ ಆಗಿರಲಿಲ್ಲ. ಕಚೇರಿಯಿಂದ ಸುದ್ದಿ ಆಗಲೇ ಬಂದಿತ್ತು; ಅತ್ತಿದ್ದಾರೆಂದು ಕಣ್ಣೇ ಹೇಳುತ್ತಿತ್ತು. ಆದರೂ ಹಲಗೆಯ ಮೇಲೆ ಪಾಠದ ಚಿತ್ರ ಬಿಡಿಸುವುದನ್ನು ನಿಲ್ಲಿಸಿರಲಿಲ್ಲ.

"ಆ ರೂಮಲ್ಲಿ ಒಬ್ಬರೇ ಇದ್ರಾ?"

"ಇದ್ದೆ ಮೇಡಂ. ಹಾಲ್ ಟಿಕೆಟ್ ತರ್ತೀನಿ, ಕೂತಿರಿ ಅಂತ ಮ್ಯಾನೇಜರ್ ಹೋದ್ರು. ಎಷ್ಟು ಹೊತ್ತಾದ್ರೂ ಬರಲಿಲ್ಲ. ಬೀರು ನಾನು ಮುಟ್ಟಿಲ್ಲ." ಅವರು ಸೀಮೆಸುಣ್ಣ ಕೆಳಗಿಟ್ಟರು. "ಈ ಕೆಲಸ ಬಿಟ್ರೆ ನನಗೆ ಬೇರೇನೂ ಬರಲ್ಲ ಮೇಡಂ. ಬೇಕಾಗೂ ಇಲ್ಲ."

ಅತ್ತೆಮ್ಮ ಮಕ್ಕಳ ಕಡೆ ತಿರುಗಿದರು.

"ಐಸಿನ ಪ್ರಶ್ನೆಗೆ ಎಲ್ಲರೂ ಒಂದೇ ಉತ್ತರ ಬರೆದಿದ್ದೀರಲ್ಲ. ಯಾರು ಹೇಳಿಕೊಟ್ರು?"

ಮೊದಲ ಬೆಂಚಿನ ಹುಡುಗಿ ಎದ್ದಳು. ಮಾತು ಜಾಸ್ತಿಯೆಂದು ಕ್ಲಾಸಿನಲ್ಲಿ ಅವಳಿಗೆ ವಟವಟ ಎಂದೇ ಹೆಸರು.

"ಮೇಡಂ, ನೀವು ಹೇಳಿ. ಲೋಟದ ತುಂಬ ನೀರಿದೆ. ಅದರಲ್ಲಿ ಐಸು ತೇಲ್ತಾ ಇದೆ. ಐಸು ಪೂರ್ತಿ ಕರಗಿದ್ರೆ ನೀರು ಏರುತ್ತಾ, ಇಳಿಯುತ್ತಾ, ಹಾಗೇ ಇರುತ್ತಾ?"

ಪ್ರಶ್ನೆ ಕೇಳಿಯೇ ಅಭ್ಯಾಸವಾದವರಿಗೆ ಯಾರಾದರೂ ತಿರುಗಿ ಕೇಳಿದರೆ ಕಷ್ಟ.

"ಏರುತ್ತೆ. ತುಂಬಿರೋ ಲೋಟ, ಚೆಲ್ಲಿಹೋಗುತ್ತೆ," ಎಂದರು ಅತ್ತೆಮ್ಮ.

ಇಡೀ ಗೋದಾಮು ನಕ್ಕಿತು. ಟೀಚರ್ ಗದರಿಸಿದರೂ ನಿಲ್ಲಲಿಲ್ಲ.

"ನಾವೂ ಹಾಗೇ ಅಂದ್ಕೊಂಡಿದ್ವಿ," ಎಂದಳು ವಟವಟ. "ಮಿಸ್ ಉತ್ತರ ಹೇಳಲೇ ಇಲ್ಲ. ಐಸು ತಂದು, ಎಲ್ಲರ ಮುಂದೆ ಒಂದೊಂದು ಲೋಟ ಇಟ್ಟು, ನೋಡ್ತಾ ಕೂತಿರಿ ಅಂದ್ರು. ಚೆಲ್ಲಲೂ ಇಲ್ಲ, ಇಳೀಲೂ ಇಲ್ಲ. ತೇಲೋ ಐಸು ತನ್ನ ತೂಕದಷ್ಟು ನೀರನ್ನ ಪಕ್ಕಕ್ಕೆ ತಳ್ಳಿರುತ್ತೆ. ಕರಗಿದ್ರೆ ಅಷ್ಟೇ ನೀರಾಗುತ್ತೆ. ತಾನು ಮಾಡ್ಕೊಂಡ ಜಾಗದಲ್ಲಿ ತಾನೇ ಕೂತ್ಕೊಳ್ಳುತ್ತೆ. ಅದಕ್ಕೇ ಹಾಗೇ ಇರುತ್ತೆ."

"ಕಣ್ಣಾರೆ ನೋಡಿದ್ಮೇಲೆ ಬೇರೆ ಬೇರೆ ಬರೆಯೋಕಾಗುತ್ತಾ ಮೇಡಂ?" ಎಂದ ಹಿಂದಿನ ಬೆಂಚಿನವನೊಬ್ಬ.

ಅತ್ತೆಮ್ಮ ಉತ್ತರಸೂಚಿಯನ್ನು ಬಿಡಿಸಿ ನೋಡಿದರು. ಗುರುತು ಇದ್ದದ್ದು 'ಇಳಿಯುತ್ತದೆ' ಎಂಬುದರ ಮುಂದೆ.

* * *

ಪ್ರಶ್ನೆಪತ್ರಿಕೆ ಸಿದ್ಧಪಡಿಸಿದವರು ಒಬ್ಬ ನಿವೃತ್ತ ಮೇಷ್ಟ್ರು. ಅತ್ತೆಮ್ಮನಿಗೆ ಅವರ ಮೇಲೂ ಕಣ್ಣಿತ್ತು. ಉತ್ತರಸೂಚಿ ಬರೆದವರಿಗಿಂತ ಸುಲಭವಾಗಿ ಅದನ್ನು ಹೊರಗೆ ಕೊಡಬಲ್ಲವರು ಯಾರು? ಹೋದಾಗ ಮೇಷ್ಟ್ರು ಅಂಗಳದಲ್ಲಿ ಕೂತು, ಕೆಟ್ಟ ಟಾರ್ಚೊಂದನ್ನು ಬಿಚ್ಚಿ ಹರಡಿಕೊಂಡಿದ್ದರು.

"ನಿಮ್ಮ ಮೊಮ್ಮಕ್ಕಳು ಯಾರಾದ್ರೂ ಎಂಟನೇ ಕ್ಲಾಸಾ?"

"ಒಬ್ಬಳು ಡಾಕ್ಟರು, ಇನ್ನೊಬ್ಬ ಇನ್ನೂ ತೊಟ್ಟಿಲಲ್ಲಿದ್ದಾನೆ. ಯಾರನ್ನ ಹಿಡಿದುಕೊಂಡು ಹೋಗ್ತೀರಿ?"

"ಐಸು ಕರಗಿದ್ರೆ ಏನಾಗುತ್ತೆ ಮೇಷ್ಟ್ರೇ?"

"ನೀರಿನ ಮಟ್ಟ ಹಾಗೇ ಇರುತ್ತೆ. ಇದನ್ನ ಕೇಳೋಕೆ ಯೂನಿಫಾರಂ ಹಾಕ್ಕೊಂಡು ಬಂದ್ರಾ?"

ಅತ್ತೆಮ್ಮ ಉತ್ತರಸೂಚಿಯನ್ನು ಮುಂದೆ ಹಿಡಿದರು. ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. ಹಣೆ ಚಚ್ಚಿಕೊಂಡರು.

"ಥೂ ನನ್ನ. ಮೊದಲು ನಾನು ಬರೆದ ಪ್ರಶ್ನೆಯಲ್ಲಿ ಐಸಿನ ಒಳಗೆ ಒಂದು ಕಲ್ಲಿತ್ತು. ತೇಲೋವಾಗ ಐಸು ಆ ಕಲ್ಲಿನ ಭಾರವನ್ನೂ ಹೊತ್ತು, ಜಾಸ್ತಿ ನೀರು ತಳ್ಳಿರುತ್ತೆ. ಕರಗಿ ಕಲ್ಲು ತಳ ಸೇರಿದ್ರೆ ಮಟ್ಟ ಇಳಿಯುತ್ತೆ. ಆಮೇಲೆ ಎಂಟನೇ ಕ್ಲಾಸಿಗೆ ಇದು ಜಾಸ್ತಿಯಾಯ್ತು ಅಂತ ಕಲ್ಲು ತೆಗೆದೆ. ಗುರುತು ಬದಲಾಯಿಸೋದು ಮರೆತೆ."

"ಅಂದ್ರೆ ಗೋದಾಮಿನ ಮಕ್ಕಳು ಬರೆದದ್ದೇ ಸರಿ."

"ಸರಿ. ತಪ್ಪು ಮಾಡಿದವನು ನಾನು. ತಿದ್ದಿದವರೂ ಕಣ್ಣು ಮುಚ್ಚಿಕೊಂಡು ತಿದ್ದಿದ್ದಾರೆ. ಇದರಿಂದ ಆ ಟೀಚರ್ ಹುಡುಗಿಯ ಕೆಲಸ ಹೋಗುತ್ತಂತೆ, ಊರೆಲ್ಲ ಅದೇ ಸುದ್ದಿ. ಹೋದ್ರೆ ನನಗೆ ಅನ್ನ ಇಳಿಯಲ್ಲ ಕಣಮ್ಮ."

ಅತ್ತೆಮ್ಮ ಆಗಲೇ ಎದ್ದಿದ್ದರು. ಏನೂ ಬಾರದ ಮಗು 'ಏರುತ್ತದೆ' ಎನ್ನುತ್ತದೆ, ತಮ್ಮ ಹಾಗೆ. ಬಲ್ಲ ಮಗು 'ಹಾಗೇ ಇರುತ್ತದೆ' ಎನ್ನುತ್ತದೆ. 'ಇಳಿಯುತ್ತದೆ' ಎಂದು ಗುಂಪುಗಟ್ಟಿ ಬರೆಯುವವರು ಈ ಕಾಗದವನ್ನು ನೋಡಿದವರು ಮಾತ್ರ.

* * *

ಕಚೇರಿಯ ದಾಖಲೆ ಕೋಣೆಯಲ್ಲಿ ಎಲ್ಲ ಶಾಲೆಗಳ ಪತ್ರಿಕೆಗಳಿದ್ದವು. ಅತ್ತೆಮ್ಮ ಮತ್ತು ಇಬ್ಬರು ಕಾನ್‌ಸ್ಟೇಬಲ್‌ಗಳು ನೆಲದ ಮೇಲೆ ಹರಡಿಕೊಂಡು ಕೂತರು. ಏರುತ್ತದೆ, ಏರುತ್ತದೆ, ಹಾಗೇ ಇರುತ್ತದೆ, ಏರುತ್ತದೆ. ಗಡಿಯಾರದ ಗೋಪುರವಿರುವ ದೊಡ್ಡ ಶಾಲೆಯ ಕಟ್ಟು ಬಿಚ್ಚಿದಾಗ ಅತ್ತೆಮ್ಮನ ಕಣ್ಣು ಚುರುಕಾಯಿತು. ಅಲ್ಲಿ ಒಂದು ಗುಂಪಿನ ಮಕ್ಕಳಿಗೆ ಪೂರ್ತಿ ಅಂಕ. ಎಲ್ಲರೂ 'ಇಳಿಯುತ್ತದೆ'.

ಶಾಲೆಯಲ್ಲಿ ವಿಚಾರಿಸಿದರೆ, ಅವರೆಲ್ಲ ಒಂದೇ ಟ್ಯೂಷನ್ನಿಗೆ ಹೋಗುವವರು. ಟ್ಯೂಷನ್ ಇದ್ದದ್ದು ದರ್ಜಿ ಅಂಗಡಿಯ ಮಹಡಿಯಲ್ಲಿ. ಅಲ್ಲಿನ ಯುವಕ ಬೆವರು ಒರೆಸಿಕೊಳ್ಳುತ್ತ, "ಮಾದರಿ ಪ್ರಶ್ನೆಗಳು ಮೇಡಂ, ಎಲ್ಲೋ ಸಿಕ್ಕಿದ್ವು" ಎಂದ. ಎಲ್ಲಿ ಎಂದು ಮಾತ್ರ ಬಾಯಿ ಬಿಡಲಿಲ್ಲ. ಕೆಳಗೆ ದರ್ಜಿ, ಕೇಳದೆಯೇ ಹೇಳಿದ.

"ಒಳ್ಳೆ ಹುಡುಗ ಮೇಡಂ. ಶಿಕ್ಷಣ ಕಚೇರಿ ಮ್ಯಾನೇಜರ್ ಇದಾರಲ್ಲ, ಅವರ ಭಾಮೈದ."

ಸಂಬಂಧ ಇದ್ದ ಮಾತ್ರಕ್ಕೆ ಕಳ್ಳನಾಗುವುದಿಲ್ಲ. ಅತ್ತೆಮ್ಮ ದಾರಿಯಲ್ಲಿ ತಂಪು ಪಾನೀಯದ ಅಂಗಡಿ ಮುಂದೆ ಜೀಪು ನಿಲ್ಲಿಸಿ, ಒಂದು ಡಬ್ಬಿ ಐಸು ಕೊಂಡರು.

* * *

ಸಂಜೆ. ಅಧಿಕಾರಿಯ ಕೋಣೆ. ಆದೇಶ ಮೇಜಿನ ಮೇಲಿತ್ತು. ಅದರ ಎದುರು ಟೀಚರ್ ನಿಂತಿದ್ದರು, ಮ್ಯಾನೇಜರ್ ಪೆನ್ನಿನ ಮುಚ್ಚಳ ತೆಗೆದು ಸಿದ್ಧವಾಗಿ ಹಿಡಿದಿದ್ದರು.

ಅತ್ತೆಮ್ಮ ಒಳಗೆ ಬಂದು, "ಉಫ್, ಎಂಥ ಸೆಕೆ" ಎನ್ನುತ್ತ ಕುರ್ಚಿ ಎಳೆದುಕೊಂಡರು. ಲೋಟಕ್ಕೆ ಐಸು ಹಾಕಿ, ಕಂಠದವರೆಗೂ ನೀರು ತುಂಬಿಸಿ, ಫೈಲುಗಳ ನಡುವೆ ಇಟ್ಟರು. ಆದರೆ ಕುಡಿಯಲಿಲ್ಲ.

"ಮೇಡಂ, ಅಲ್ಲಿ ಬೇಡ," ಅಧಿಕಾರಿ ಗಾಬರಿಯಾದರು. "ಐಸು ಕರಗಿದ್ರೆ ಚೆಲ್ಲಿ ಫೈಲೆಲ್ಲ ಹಾಳಾಗುತ್ತೆ."

"ಏನೂ ಆಗಲ್ಲ ಸರ್," ಮ್ಯಾನೇಜರ್ ಸಮಾಧಾನ ಮಾಡಿದರು. "ಕರಗಿದ್ರೆ ನೀರು ಇನ್ನೂ ಕೆಳಗಿಳಿಯುತ್ತೆ."

ಟೀಚರ್ ತಟ್ಟನೆ ತಲೆಯೆತ್ತಿದರು. ಅತ್ತೆಮ್ಮ ಮಾತ್ರ ಸೆರಗಿನಂಚು ಸರಿಮಾಡಿಕೊಳ್ಳುವವರಷ್ಟೇ ನಿಧಾನವಾಗಿ ಕೇಳಿದರು.

"ಯಾರು ಹೇಳಿದ್ರು?"

"ಅದು... ಎಲ್ಲರಿಗೂ ಗೊತ್ತಿರೋದೇ ಅಲ್ವಾ."

"ಯಾರಿಗೂ ಗೊತ್ತಿಲ್ಲ. ಸಾಹೇಬ್ರಿಗೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ನೋಡೋಣ, ಕೂತ್ಕೊಳ್ಳಿ."

ಎಲ್ಲರೂ ಕೂತರು. ಒಬ್ಬ ಅಧಿಕಾರಿ, ಒಬ್ಬ ಮ್ಯಾನೇಜರ್, ಒಬ್ಬ ಟೀಚರ್, ಒಬ್ಬ ಇನ್ಸ್‌ಪೆಕ್ಟರ್, ನೀರಿನ ಲೋಟವನ್ನು ನೋಡುತ್ತ. ಹೊರಗಿನಿಂದ ಯಾರಾದರೂ ನೋಡಿದ್ದರೆ ಕಚೇರಿಗೆ ಕಚೇರಿಯೇ ಕೆಟ್ಟಿತು ಅನ್ನುತ್ತಿದ್ದರು. ಲೋಟದ ಹೊರಮೈಯಲ್ಲಿ ಹನಿ ಕಟ್ಟಿತು. ಚೆಲ್ಲಿತೆಂದು ಅಧಿಕಾರಿ ಫೈಲು ಎಳೆದುಕೊಂಡರು. "ಅದು ಗಾಳಿಯಲ್ಲಿರೋ ತೇವ ಸರ್, ಒಳಗಿನ ನೀರಲ್ಲ," ಎಂದರು ಟೀಚರ್, ಕೆಲಸ ಹೋಗುವ ಗಳಿಗೆಯಲ್ಲೂ ಪಾಠ ಬಿಡದೆ.

ಐಸು ಕರಗಿತು. ನೀರು ಚೆಲ್ಲಲಿಲ್ಲ, ಇಳಿಯಲೂ ಇಲ್ಲ. ಕಂಠದಲ್ಲೇ ನಿಂತಿತ್ತು.

"ಕರಗಿದ್ರೆ ಇಳಿಯುತ್ತೆ ಅಂತ ಈ ಊರಲ್ಲಿ ಒಂದೇ ಕಡೆ ಬರೆದಿತ್ತು," ಎಂದರು ಅತ್ತೆಮ್ಮ. "ಆ ಲಕೋಟೆ ಒಳಗೆ. ಅದು ಮೇಷ್ಟ್ರು ಮಾಡಿದ ತಪ್ಪು. ಗೋದಾಮಿನ ಮಕ್ಕಳು ಲಕೋಟೆ ನೋಡಿದ್ರೆ ಆ ತಪ್ಪನ್ನೇ ಬರೀತಿದ್ರು. ಬರೆಯಲಿಲ್ಲ. ಬರೆದದ್ದು ನಿಮ್ಮ ಭಾಮೈದನ ಟ್ಯೂಷನ್ ಮಕ್ಕಳು. ಪತ್ರಿಕೆ ನಿಮ್ಮ ಕಣ್ಣಿಗೇ ಬಿದ್ದಿಲ್ಲ ಅಂದ್ರಿ ಬೆಳಿಗ್ಗೆ. ಬೀಳದೆ ಇರೋದು ಬಾಯಲ್ಲಿ ಹೇಗೆ ಬಂತು? ಟೀಚರನ್ನ ಇಲ್ಲಿ ಒಬ್ಬರನ್ನೇ ಕೂರಿಸಿ ಹೋದವರೂ ನೀವೇ. ಕಳವು ಬಯಲಾದ್ರೆ ಯಾರ ಮೇಲಾದ್ರೂ ಹೊರಿಸಬೇಕಿತ್ತಲ್ಲ."

ಮ್ಯಾನೇಜರ್ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲೆ ನೇರವಾಗಿ ಇಟ್ಟರು.

"ಮಗಳಿಗೋಸ್ಕರ. ಅವಳ ಕೈಲಿ ಆಗಲ್ಲ ಅಂದ್ಕೊಂಡೆ. ಇವು ಪರೀಕ್ಷೆ ಪ್ರಶ್ನೆಗಳು ಅಂತ ಅವಳಿಗೂ ಗೊತ್ತಿಲ್ಲ, ಆ ಮಕ್ಕಳಿಗೂ ಗೊತ್ತಿಲ್ಲ."

ಅತ್ತೆಮ್ಮ ಒಂದು ಉತ್ತರಪತ್ರಿಕೆಯನ್ನು ಅವರ ಮುಂದೆ ತಳ್ಳಿದರು.

"ಟ್ಯೂಷನ್ ಮಕ್ಕಳಲ್ಲಿ ಪೂರ್ತಿ ಅಂಕ ಬರದವಳು ಒಬ್ಬಳೇ, 'ಹಾಗೇ ಇರುತ್ತದೆ' ಅಂತ ಬರೆದವಳು. ನಿಮ್ಮ ಮಗಳು. ಇಲ್ಲಿಗೆ ಬರೋ ಮುಂಚೆ ಅವಳನ್ನ ಕಂಡು, ಯಾಕಮ್ಮ ಅಂತ ಕೇಳಿದೆ. ಮಾಮ ಇಳಿಯುತ್ತೆ ಅಂತ ಹೇಳಿಕೊಟ್ಟ, ನಂಬಿಕೆ ಬರಲಿಲ್ಲ, ಮನೇಲಿ ಐಸು ಹಾಕಿ ನೋಡಿದೆ ಅಂದಳು."

ಮ್ಯಾನೇಜರ್ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತರು. ಅದನ್ನು ನೋಡುವುದು ಅಧಿಕಾರಿಗೆ ಕಷ್ಟವಾಗಿ ಕಿಟಕಿಯ ಕಡೆ ತಿರುಗಿದರು.

"ಆ ಟ್ಯೂಷನ್ ಮಕ್ಕಳೆಲ್ಲರ ಫಲಿತಾಂಶ ರದ್ದು," ಎಂದರು ಅವರು. "ಆ ಹುಡುಗಿಯದೂ ಸೇರಿ. ಬೇರೆ ದಾರಿ ಇಲ್ಲ."

"ಇದೆ ಸರ್," ಎಂದರು ಟೀಚರ್. ಆ ಕೋಣೆಯಲ್ಲಿ ಅವರ ಧ್ವನಿ ಮೊದಲ ಸಲ ಗಟ್ಟಿಯಾಗಿ ಕೇಳಿಸಿತು. "ಅವರಿಗೆ ಮರುಪರೀಕ್ಷೆ ಇಡಿ. ಮಕ್ಕಳಿಗೆ ಗೊತ್ತಿಲ್ಲದೆ ಆದದ್ದಕ್ಕೆ ಮಕ್ಕಳಿಗೆ ಶಿಕ್ಷೆ ಬೇಡ. ಹೇಳಿಕೊಟ್ಟದ್ದನ್ನ ಪರೀಕ್ಷಿಸಿ ನೋಡಿದವಳು ಅವಳು. ಅವಳಿಗೆ ವಿಜ್ಞಾನ ಬರಲ್ಲ ಅಂದ್ರೆ ಇನ್ಯಾರಿಗೆ ಬರುತ್ತೆ?"

ಮ್ಯಾನೇಜರ್ ತಲೆಯೆತ್ತಿದರು. "ನಿಮ್ಮ ಹೊಟ್ಟೆ ಮೇಲೆ ಹೊಡೆಯೋಕೆ ಹೋಗಿದ್ದೆ ನಾನು."

"ಗೊತ್ತು. ಅದು ನಿಮ್ಮ ಲೆಕ್ಕ, ಮೇಡಂ ಜೊತೆ ಮುಗಿಸಿಕೊಳ್ಳಿ. ಅವಳನ್ನ ಮರುಪರೀಕ್ಷೆವರೆಗೂ ಸಂಜೆ ಹೊತ್ತು ನಮ್ಮ ಶಾಲೆಗೆ ಕಳಿಸಿ. ನಾನು ನೋಡ್ಕೋತೀನಿ."

ಅಧಿಕಾರಿ ಆದೇಶವನ್ನು ಹರಿದು ಬುಟ್ಟಿಗೆ ಹಾಕಿದರು. "ಮರುಪರೀಕ್ಷೆ ಇಡ್ತೀನಿ" ಎಂದು ಟೀಚರಿಗೆ ಕೈಮುಗಿದರು. ಅತ್ತೆಮ್ಮ ಮ್ಯಾನೇಜರ್ ಅವರ ಭುಜ ಮುಟ್ಟಿ, "ಬನ್ನಿ, ಹೋಗೋಣ" ಎಂದರು.

ಗೇಟಿನ ಹೊರಗೆ ಗೋದಾಮಿನ ಮಕ್ಕಳು ನಿಂತಿದ್ದರು. ಯಾರೂ ಮನೆಗೆ ಹೋಗಿರಲಿಲ್ಲ. ಟೀಚರ್ ಹೊರಬಂದಾಗ ಎಲ್ಲರೂ ಸುತ್ತುವರಿದರು. ವಟವಟ ಮುಂದೆ ಬಂದು ಕೇಳಿದಳು, ಕೇಳಿಸದಷ್ಟು ಮೆಲ್ಲಗೆ.

"ಮಿಸ್, ನಾಳೆ ಬರ್ತೀರಾ?"

"ಬರ್ತೀನಿ," ಎಂದರು ಟೀಚರ್. "ನಾಡಿದ್ದೂ ಬರ್ತೀನಿ."