ಟವೆಲ್ ಕಚ್ಚಿದ ಇಲಿ

"ಇನ್ನೊಂದು ಸಲ ಹೀಗೆ ಕೂಗಿದ್ರೆ ನಿನ್ನ ತವರಿಗೆ ಕಳಿಸಿಬಿಡ್ತೀನಿ. ಅಲ್ಲಿ ಎಷ್ಟು ಬೇಕಾದ್ರೂ ಕೂಗ್ಕೋ."

ಅತ್ತೆ ಹೇಳಿದ್ದು ಇಷ್ಟೇ, ಅದೂ ದನಿ ಏರಿಸದೆ. ಸೊಸೆ ಕಣ್ಣೀರು ಸುರಿಸುತ್ತ ಸುಟ್ಟ ಮಣಿಕಟ್ಟನ್ನು ನಲ್ಲಿಯ ಕೆಳಗೆ ಹಿಡಿದಿದ್ದಳು. ಬಿಸಿ ತಟ್ಟೆಯ ಅಂಚು ತಾಗಿ ಎರಡು ಬೆರಳಗಲ ಕೆಂಪಾಗಿತ್ತು. ಅವಳ "ಅಯ್ಯಯ್ಯೋ" ಕೇಳಿ, ಹೊರಗೆ ಬ್ರೆಡ್ಡಿಗಾಗಿ ನಿಂತಿದ್ದವರೆಲ್ಲ ಗಲ್ಲಾದ ಮೇಲಿಂದ ಕತ್ತು ಚಾಚಿ ಇಣುಕಿದ್ದರು. ಗಂಡ ಮಾತ್ರ ತಲೆ ತಗ್ಗಿಸಿ ಹಿಟ್ಟು ನಾದುತ್ತಲೇ ಇದ್ದ. ತಾಯಿ ಮಾತಾಡುವಾಗ ಅವನಿಗೆ ಹಿಟ್ಟಿನಲ್ಲಿ ಎಲ್ಲಿಲ್ಲದ ಆಸಕ್ತಿ.

ಮೂರು ತಲೆಮಾರಿನಿಂದ ಬ್ರೆಡ್ಡಿನ ಭಟ್ಟಿಯ ಮುಂದೆ ಬೆಂದ ಮನೆ ಅದು. ಇಕ್ಕಟ್ಟಾದ ಜಾಗದಲ್ಲಿ ನಾಲ್ಕು ಜನ ಬೆನ್ನಿಗೆ ಬೆನ್ನು ತಾಗಿಸಿ ಕೆಲಸ ಮಾಡುವಾಗ ಒಬ್ಬರು ಕೂಗಿದರೆ ಇನ್ನೊಬ್ಬರು ಬೆಚ್ಚಿಬೀಳುತ್ತಾರೆ, ಬೆಚ್ಚಿದವರ ಕೈಯಿಂದ ಕಾದ ತಟ್ಟೆ ಜಾರುತ್ತದೆ. ಹಾಗಾಗಿ ಕೈ ಸುಟ್ಟರೂ ತುಟಿ ಕಚ್ಚಿಕೊಂಡು ತಟ್ಟೆಯನ್ನು ಮೇಜಿನ ಮೇಲಿಟ್ಟು, ಆಮೇಲೆ ನೀರಿನ ಕಡೆ ಹೋಗಬೇಕು. ಆ ಮನೆಯ ಮಕ್ಕಳು ಮಾತು ಕಲಿಯುವ ಮೊದಲೇ ಇದನ್ನು ಕಲಿಯುತ್ತಿದ್ದರು.

ಸೊಸೆ ಬಂದದ್ದು ಕಲ್ಲು ಒಡೆಯುವವರ ಮನೆಯಿಂದ. ಅಲ್ಲಿ ಕಾಲಿಗೆ ಚೂರು ಚುಚ್ಚಿದರೂ ಬಾಯಿಬಿಟ್ಟು ಕೂಗಬೇಕು. ಬಂಡೆಯ ಕೆಳಗೆ ಸಿಕ್ಕವನು ಸುಮ್ಮನಿದ್ದರೆ ಯಾರಿಗೆ ಗೊತ್ತಾಗಬೇಕು? ಕೂಗದ ಒಬ್ಬ ಚಿಕ್ಕಪ್ಪನನ್ನು ಹುಡುಕುವ ಹೊತ್ತಿಗೆ ಅವನು ತಣ್ಣಗಾಗಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಅತ್ತೆಗೆ ಇದೆಲ್ಲ ಎಲ್ಲಿ ಗೊತ್ತು! ಅಷ್ಟು ಕೂಗಲು ಉಸಿರಿದೆ ಅಂದಮೇಲೆ ನೋವೆಲ್ಲಿಂದ ಬರಬೇಕು, ಮಗನನ್ನು ಬೇರೆ ಮನೆ ಮಾಡಿಸಲು ಹೂಡಿದ ನಾಟಕ ಇದು ಎಂಬುದು ಅವರ ಅನುಮಾನ. ಸೊಸೆಗೆ ಅವರು ಇಟ್ಟ ಹೆಸರೇ "ಸೈರನ್".

ಹೀಗಿರುವಾಗ ಬೇಕರಿಗೆ ಇಲಿ ಬಂತು. ಕೈ ಒರೆಸುವ ಟವೆಲ್ಲುಗಳ ಅಂಚಿನಲ್ಲಿ ತೂತು ಬೀಳತೊಡಗಿತು.

"ಕಂಡಕಂಡಲ್ಲಿ ಬ್ರೆಡ್ಡಿನ ಚೂರು ಚೆಲ್ತಾಳೆ ನಿನ್ನ ಹೆಂಡ್ತಿ. ಇಲಿ ಬರದೆ ಇನ್ನೇನು ಬರುತ್ತೆ?" ಎಂದರು ಅತ್ತೆ. ಮಗ ಇಲಿಬೋನು ತಂದಿಟ್ಟ. ವಾರ ಕಳೆದರೂ ಇಲಿ ಬೀಳಲಿಲ್ಲ.

ಸೊಸೆಗೆ ಅನುಮಾನ ಬಂದದ್ದು ಬಟ್ಟೆ ಒಗೆಯುವಾಗ. ಹಿಟ್ಟಿನ ಚೀಲವನ್ನು ಮುಟ್ಟದೆ ಟವೆಲ್ಲನ್ನೇ ತಿನ್ನುವ ಇಲಿ ಯಾವುದು? ಬಿಸಿಲಿಗೆ ಹಿಡಿದು ನೋಡಿದಳು. ಮೇಲೆ ಸಾಲಾಗಿ ಹಲ್ಲಿನ ಗುರುತು, ನಡುವೆ ಒಂದು ಹಲ್ಲಿನಷ್ಟು ಜಾಗ ಖಾಲಿ. ಮುಂದಿನ ಹಲ್ಲು ಬಿದ್ದವರು ಆ ಮನೆಯಲ್ಲಿ ಒಬ್ಬರೇ ಇದ್ದರು!

ಅಂದಿನಿಂದ ಅವಳು ಕಳ್ಳನನ್ನು ಕಾಯುವಂತೆ ಅತ್ತೆಯನ್ನು ಕಾದಳು. ಮಧ್ಯಾಹ್ನ ಅವರು ಹಿಟ್ಟಿನ ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದರು. ಹೊರಬಂದಾಗ ಹಣೆಯ ಮೇಲೆ ಬೆವರು, ಹೆಗಲ ಮೇಲೆ ಟವೆಲ್.

"ಏನೇ, ಬಾಗಿಲ ಹತ್ರ ಹೊಂಚು ಹಾಕ್ತಿದ್ದೀಯಾ?"

"ನಿಮ್ಗೆ ಎಲ್ಲೋ ನೋಯ್ತಿದೆ ಅತ್ತೆ."

"ನನಗಾ? ನೋವು ಗೀವು ಎಲ್ಲ ನಿನ್ನ ಇಲಾಖೆ."

ಗಂಡನಿಗೆ ಹೇಳಿದರೆ ಅವನು ನಕ್ಕ. "ಅಮ್ಮಂಗೆ ನೋವಾ? ನನ್ನ ಹೆತ್ತಾಗಲೂ ಬಾಯಿ ಬಿಟ್ಟಿಲ್ವಂತೆ." ಆದರೆ ಮರುದಿನ ಬೆಳಿಗ್ಗೆ ಅತ್ತೆ ಹಿಟ್ಟಿನ ಮೇಲೆ ಕೈಯೂರಿ ಹಾಗೆಯೇ ಬಾಗಿ ನಿಂತರು, ಕರೆದರೂ ಓಗೊಡಲಿಲ್ಲ. ಆಗ ಅವನೂ ಬೆದರಿದ. ಇಬ್ಬರೂ ಸೇರಿ ಬಲವಂತವಾಗಿ ಆಸ್ಪತ್ರೆಗೆ ಕರೆದೊಯ್ದರು.

ಹೊರಗೆ ಉದ್ದನೆಯ ಸಾಲು. ಡಾಕ್ಟರು ಹೊಟ್ಟೆ ಒತ್ತಿ, ಮುಖ ನೋಡಿ ಕೇಳಿದರು: "ನೋವಿದೆಯಾ?"

"ಏನಿಲ್ಲ. ಸ್ವಲ್ಪ ಗ್ಯಾಸು. ಇವಳು ಇಲ್ಲದ್ದನ್ನೆಲ್ಲ ಹೇಳ್ತಾಳೆ."

ಅತ್ತೆಯ ಮುಖ ಗೋಡೆಯಂತಿತ್ತು, ಹೆಗಲ ಮೇಲೆ ಅದೇ ತೂತು ಬಿದ್ದ ಟವೆಲ್. ಡಾಕ್ಟರು ಮಾತ್ರೆ ಬರೆದು, ಮುಂದಿನವರನ್ನು ಕರೆಯಲು ಗಂಟೆಯತ್ತ ಕೈ ಚಾಚಿದರು. ಸೊಸೆ ಕೆಳಗೆ ನೋಡಿದಳು. ಅತ್ತೆಯ ಕೈ ಯಾವಾಗಲೋ ಅವಳ ಮಣಿಕಟ್ಟನ್ನು ಹಿಡಿದಿತ್ತು, ಅದೇ ಸುಟ್ಟ ಮಣಿಕಟ್ಟು. ಉಗುರುಗಳು ಚರ್ಮದೊಳಕ್ಕೆ ಇಳಿದಿದ್ದವು.

ಕೂಗಿದರೆ ತವರಿನ ದಾರಿ. ಕೂಗದಿದ್ದರೆ... ಬಂಡೆಯ ಕೆಳಗಿದ್ದ ಚಿಕ್ಕಪ್ಪ ನೆನಪಾದ.

ಅವಳು ಕೂಗಿದಳು. ಕಲ್ಲುಗಣಿಯ ಈ ತುದಿಯಿಂದ ಆ ತುದಿಗೆ ಮುಟ್ಟುವ ಕೂಗು ಅದು. "ಅಯ್ಯೋ, ನಮ್ಮತ್ತೆ ಸಾಯ್ತಿದ್ದಾರೆ! ಮುಖ ನೋಡ್ಬೇಡಿ ಡಾಕ್ಟ್ರೇ, ಈ ಕೈ ನೋಡಿ, ಈ ಟವೆಲ್ ನೋಡಿ! ಇವರ ಮನೇಲಿ ಯಾರೂ ಕೂಗಲ್ಲ, ಅದಕ್ಕೇ ನಾನು ಕೂಗ್ತಿದ್ದೀನಿ!" ಸಾಲಿನಲ್ಲಿದ್ದವರೆಲ್ಲ ಎದ್ದು ನಿಂತರು, ದಾದಿಯರು ಓಡಿಬಂದರು. ಡಾಕ್ಟರು ಚೇಂಬರಿನ ಬಾಗಿಲು ಮುಚ್ಚಿಸಿ ಮತ್ತೆ ಹೊಟ್ಟೆ ಒತ್ತಿದರು. ಈ ಸಲ ಅವರು ನೋಡಿದ್ದು ಅತ್ತೆಯ ಕೈಯನ್ನು.

ಪಿತ್ತಕೋಶ ಕೀವು ತುಂಬಿ ಒಡೆಯುವ ಹಂತದಲ್ಲಿತ್ತು. ಒಂದು ದಿನ ತಡವಾಗಿದ್ದರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ಆಪರೇಷನ್ ಆದ ಮೂರನೇ ದಿನ ಅತ್ತೆ ಚಾವಣಿ ನೋಡುತ್ತ ಮಲಗಿದ್ದರು. ಸೊಸೆ ಗಂಜಿ ಆರಿಸುತ್ತಿದ್ದಳು. ತವರಿಗೆ ಹೋಗುವ ಮಾತನ್ನು ತಾನೇ ಎತ್ತಬೇಕೋ, ಅವರು ಎತ್ತುವವರೆಗೆ ಕಾಯಬೇಕೋ ಅವಳಿಗೆ ತಿಳಿಯುತ್ತಿರಲಿಲ್ಲ.

"ಮದುವೆಯಾದ ಹೊಸತರಲ್ಲಿ ನಾನೂ ಒಂದು ಸಲ ಕೂಗಿದ್ದೆ ಕಣೇ," ಎಂದರು ಅತ್ತೆ ಇದ್ದಕ್ಕಿದ್ದಂತೆ. "ನಿಮ್ಮ ಮಾವ ತಿರುಗಿ ನೋಡಿದ್ರು. ಅವರ ಕೈ ಕಾದ ಭಟ್ಟಿ ಬಾಗಿಲಿಗೆ ತಾಗ್ತು. ಆ ಬೆರಳುಗಳನ್ನ ಕೊನೇವರೆಗೂ ಮಡಚೋಕೆ ಆಗಲಿಲ್ಲ. ಅವರು ಒಂದು ಮಾತೂ ಅನ್ನಲಿಲ್ಲ... ನಾನು ಆಮೇಲೆ ಬಾಯಿ ಬಿಡಲಿಲ್ಲ."

ಸೊಸೆ ಗಂಜಿಯ ಬಟ್ಟಲನ್ನು ಪಕ್ಕಕ್ಕಿಟ್ಟಳು. ಇಷ್ಟು ವರ್ಷ ಇವರ ಮೈ ಕಲ್ಲಿನದು ಎಂದುಕೊಂಡಿದ್ದೆನಲ್ಲ ಎಂದು ಅವಳ ಕಣ್ಣು ತುಂಬಿತು.

ಅಷ್ಟರಲ್ಲಿ ದಾದಿ ಬಂದು ಗಾಯದ ಮೇಲಿನ ಪಟ್ಟಿ ಕೀಳತೊಡಗಿದಳು. "ನೋಯ್ತಾ ಅಜ್ಜಿ?"

ಅತ್ತೆಯ ಕೈ ಅಭ್ಯಾಸಬಲದಿಂದ ಟವೆಲ್ ಹುಡುಕಿತು. ಕಣ್ಣು ಸೊಸೆಯ ಮಣಿಕಟ್ಟಿನ ಮೇಲೆ ಬಿತ್ತು. ಸುಟ್ಟ ಕಲೆಯ ಪಕ್ಕದಲ್ಲೇ ನಾಲ್ಕು ಉಗುರಿನ ಗುರುತು.

"ನೋಯುತ್ತೆ," ಎಂದರು. ಆ ಮಾತು ಅವರಿಗೇ ಹೊಸದಾಗಿ ಕೇಳಿಸಿತು. "ತುಂಬಾ ನೋಯುತ್ತೆ ತಾಯಿ, ಸ್ವಲ್ಪ ನಿಧಾನ."

ಅದೇ ಹೊತ್ತಿಗೆ ಬೇಕರಿಯಿಂದ ಬಂದ ಮಗ ಬಾಗಿಲಲ್ಲೇ ನಿಂತ. ತಾಯಿಯ ಬಾಯಿಂದ ಆ ಮಾತನ್ನು ಅವನು ಕೇಳಿದ್ದು ಅದೇ ಮೊದಲು. "ಅಮ್ಮ... ಇಲಿ ಇವತ್ತೂ ಬಿದ್ದಿಲ್ಲ," ಎಂದ.

"ಇನ್ನು ಬೀಳೋದಿಲ್ಲ ಕಣೋ. ಸೈರನ್ ಕೂಗಿ ಓಡಿಸಿಬಿಟ್ಲು," ಎನ್ನುತ್ತ ಅತ್ತೆ ಸೊಸೆಯ ಕೈಯನ್ನು ಮೆಲ್ಲಗೆ, ಉಗುರು ತಾಗದಂತೆ ಹಿಡಿದುಕೊಂಡರು. "ಆ ಬೋನು ಎತ್ತಿಟ್ಟುಬಿಡು."