ಅಯಸ್ಕಾಂತ ನಿಲ್ಲದ ಬಾಗಿಲು

"ಕೊನೇ ಸಲ ಕೇಳ್ತಿದೀನಿ ಮರ್ಝಾನ್. ಕೆಂಪೋ, ಬೆಳ್ಳೀನೋ?"

ಮಿರಾಸ್ ಜಾಕೆಟ್ಟಿನ ಜೇಬಿಗೆ ಕೈಯಿಳಿಸಿ ನಗುತ್ತಿದ್ದ. ಅಲ್ಮಾಟಿಯ ಹಳೆ ಕಾರುಗಳ ಸಂತೆಗೆ ಅವನು ಬರುತ್ತಿರುವುದು ಇದು ನಾಲ್ಕನೆಯ ಭಾನುವಾರ. ಮರ್ಝಾನ್ ತಲೆಯೆತ್ತಲಿಲ್ಲ. ಅಣ್ಣ ಬೆರಿಕ್ ಮಾರಾಟಕ್ಕಿಟ್ಟಿದ್ದ ಕೆಂಪು ಸ್ಪೋರ್ಟ್ಸ್ ಕಾರಿನ ಬಾನೆಟ್ ಆಗಲೇ ಫಳಫಳಿಸುತ್ತಿತ್ತು. ಅದನ್ನೇ ಮತ್ತೆ ಉಜ್ಜಿದಳು.

"ನಾನೇನ್ ಹೇಳ್ಲಿ? ಓಡ್ಸೋರು ನೀವು."

"ಈ ಸಂತೇಲಿ ಸುಳ್ಳು ಹೇಳದೇ ಇರೋಳು ನೀನೊಬ್ಳೇ. ಅದಕ್ಕೇ ಕೇಳ್ತಿರೋದು."

ಬಟ್ಟೆ ಹಿಡಿದ ಅವಳ ಕೈ ನಿಂತಿತು.

ಮೊದಲ ಭಾನುವಾರ ಅವನು ಮೆಚ್ಚಿದ್ದು ಆಚೆ ಸಾಲಿನ ಮುದುಕನ ಬೆಳ್ಳಿ ಬಣ್ಣದ ಕಾರನ್ನು. ಅಂದೇ ಕೊಂಡು ಹೋಗುವವನಿದ್ದ. "ಅದು ಆಯಿಲ್ ಕುಡಿಯತ್ತಂತೆ" ಎಂದುಬಿಟ್ಟಳು ಮರ್ಝಾನ್. ಹಸಿ ಸುಳ್ಳು. ಅವನು ಅಲ್ಲೇ ಕುಳಿತು, ಅವಳ ಫ್ಲಾಸ್ಕಿನ ಚಹಾ ಕುಡಿದು, "ನಾನು ಕಾರು ತಗೊಂಡ್ರೆ ನೀನೇನು ಕೊರಿಮ್ದಿಕ್ ಕೊಡ್ತೀಯ?" ಎಂದು ಕೇಳಿದ್ದ.

ಅವಳಿಗೆ ನಗು ತಡೆಯಲಾಗಿರಲಿಲ್ಲ. "ಹೊಸ ವಸ್ತು ತಗೊಂಡೋರಿಗೆ ಕೊಡೋದು ಬಾಯ್ಗಜಿ ರೀ! ಕೊರಿಮ್ದಿಕ್ ಮದುಮಗಳ ಮುಖ ನೋಡಿದಾಗ ಕೊಡೋ ಕಾಣಿಕೆ. ಕಾರಿಗೆ ಮುಸುಕು ಹಾಕಿ ತರ್ತೀರಾ?"

ಅವನ ಕಿವಿ ಕೆಂಪಾಗಿತ್ತು. ಅಂದಿನಿಂದ ಅವಳಿಗೆ ವಾರವೆಂದರೆ ಭಾನುವಾರವೊಂದೇ.

ಬೆಳ್ಳಿಯದನ್ನು ತಪ್ಪಿಸಿದರೆ ಉಳಿಯುವುದು ಕೆಂಪು ಎಂಬುದು ಮಾತ್ರ ಆಗ ಹೊಳೆದಿರಲಿಲ್ಲ. ಚಳಿಗಾಲದಲ್ಲಿ ಕಂಬಕ್ಕೆ ಗುದ್ದಿದ್ದ ಕಾರು ಅದು. ನುಜ್ಜಾದ ಎಡಬಾಗಿಲಿಗೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದವಳು ಅವಳೇ. ಯಾರಿಗೂ ಗೊತ್ತಾಗದಷ್ಟು ಚೆಂದಕ್ಕೆ ಹೊಡೆದಿದ್ದಳು.

"ಸರಿ ಬಿಡು, ಕೆಂಪೇ ಆಗ್ಲಿ." ಅವನು ಚಹಾದಂಗಡಿಯ ಕಡೆ ತಿರುಗಿದ. "ಬೆರಿಕ್ ಅಣ್ಣಾ!"

"ತಡೀರಿ." ತನ್ನ ದನಿ ಅವಳಿಗೇ ಗುರುತು ಸಿಗಲಿಲ್ಲ. "ಕಾರು ಪರೀಕ್ಷೆ ಮಾಡೋಕೆ ಅಂತ ಅಯಸ್ಕಾಂತ ತಂದಿದ್ರಲ್ಲ, ಎಲ್ಲಿ?"

"ಇದಾ? ನೀನೇ ಬೇಡ ಅಂದಿದ್ದೆ." ಅವನು ಜೇಬಿನಿಂದ ತೆಗೆದ. ಮನೆಯ ಫ್ರಿಜ್ಜಿನ ಬಾಗಿಲಿಂದ ಕಿತ್ತು ತಂದದ್ದು, ಸೇಬಿನಾಕಾರದ್ದು.

ಅವಳು ಅದನ್ನು ಬಾನೆಟ್ಟಿಗೆ ಹಚ್ಚಿದಳು. ಟಕ್ಕನೆ ಕಚ್ಚಿಕೊಂಡಿತು. ಎಡಬಾಗಿಲಿಗೆ ಹಚ್ಚಿದಳು. ಜಾರಿ ಧೂಳಿಗೆ ಬಿತ್ತು. ಎತ್ತಿ ಮತ್ತೆ ಹಚ್ಚಿದಳು. ಮತ್ತೆ ಬಿತ್ತು.

ಮಿರಾಸ್‌ನ ನಗು ಮಾಯವಾಯಿತು.

"ಇಲ್ಲಿರೋದು ಕಬ್ಬಿಣ ಅಲ್ಲ, ಪುಟ್ಟಿ. ನಾನೇ ಮೆತ್ತಿದ್ದು," ಎಂದಳು. "ಆ ಬೆಳ್ಳಿ ಕಾರಿಗೆ ಏನೂ ಆಗಿಲ್ಲ. ಆಯಿಲ್ಲೂ ಕುಡಿಯಲ್ಲ. ಸುಳ್ಳು ಹೇಳಿದ್ದೆ."

"ಯಾಕೆ? ಅಣ್ಣನ ಕಾರು ಮಾರೋಕಾ?"

ಹೌದು ಎಂದುಬಿಟ್ಟರೆ ಎಷ್ಟು ಸುಲಭವಿತ್ತು!

"ನೀವು ಅವತ್ತೇ ತಗೊಂಡಿದ್ರೆ," ಅವಳು ಧೂಳಿನಲ್ಲಿ ಬಿದ್ದ ಸೇಬನ್ನೇ ನೋಡುತ್ತಾ ಹೇಳಿದಳು, "ಮುಂದಿನ ಭಾನುವಾರ ಬರ್ತಿರ್ಲಿಲ್ಲ."

ಅವನು ಬಗ್ಗಿ ಅಯಸ್ಕಾಂತ ಎತ್ತಿಕೊಂಡ. ಸಾಲು ದಾಟಿ ಹೋದ.

ಬೆರಿಕ್ ಚಹಾದ ಪಿಯಾಲೆ ಹಿಡಿದೇ ಬಂದ. "ಎಲ್ಲೋದ್ನೇ ಗಿರಾಕಿ?"

"ಬಾಗಿಲಿನ ವಿಷಯ ಹೇಳ್ದೆ ಅಣ್ಣ."

"ಕೇಳಿದ್ನಾ?"

"ಇಲ್ಲ."

"ಕೇಳದೇ ಇದ್ರೂ ಹೇಳೋಳು! ನಿನ್ನ ಕಟ್ಕೊಂಡು ನಾನು ವ್ಯಾಪಾರ ಮಾಡ್ದಂಗೇ!" ಅವನು ಗೊಣಗುತ್ತಾ ಹೋದ. ಅವಳಿಗೆ ಅಳು ಬಂದದ್ದು ಆ ಬೈಗುಳಕ್ಕಲ್ಲ.

ಅರ್ಧ ಗಂಟೆಯ ನಂತರ ಹಿಂದಿನಿಂದ ಹಾರ್ನ್ ಕೇಳಿಸಿತು. ಬೆಳ್ಳಿ ಕಾರು. ಗಾಜು ಇಳಿಯಿತು. ಮಿರಾಸ್‌ನ ದನಿ ಇನ್ನೂ ಬಿಗಿದೇ ಇತ್ತು.

"ಮೂರು ವಾರ ಬಸ್ಸಲ್ಲಿ ಓಡಾಡ್ಸಿದೀಯ."

"ತಪ್ಪಾಯ್ತು."

"ಬಾಯ್ಗಜಿ ಎಲ್ಲಿ?"

ಅವಳಲ್ಲಿದ್ದದ್ದು ಹೊಸ ಪಾಲಿಶ್ ಬಟ್ಟೆ ಒಂದೇ. ಕೊಟ್ಟಳು. ಅವನು ಅದನ್ನು ಮಡಿಸಿಟ್ಟುಕೊಂಡು, ಅವಳ ಅಂಗೈಗೆ ಸೇಬಿನ ಅಯಸ್ಕಾಂತ ಇಟ್ಟ.

"ಇದು ಕೊರಿಮ್ದಿಕ್."

"ಮತ್ತೆ ತಪ್ಪು ಹೇಳ್ತಿದೀರಿ. ಕಾರಿಗೆ ಕೊರಿಮ್ದಿಕ್..."

"ಕಾರಿಗೆ ಅಂತ ಯಾರು ಹೇಳಿದ್ರು?"

ಮರ್ಝಾನ್ ಆ ದಿನ ಮೊದಲ ಸಲ ತಲೆಯೆತ್ತಿ ಅವನ ಮುಖ ನೋಡಿದಳು.